ಬಸುರಿ, ಬಾಣಂತಿಯರಿಗೆ ಅಕ್ಯುಪಂಕ್ಚರ್ ಮಾಡೋ ಕೆಲ್ಸ ಹೇಗಿರುತ್ತೆ ಮೇಡಂ?

ಪ್ರಶ್ನೆ: ನಮಸ್ತೆ ಮೇಡಂ, ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ, ಯೋಗದ ಪದವಿ) ಓದು ಮುಗ್ದು ಇಂಟರ್ನ್‌ಶಿಪ್ ಮಾಡ್ತಿದೀನಿ. ಮುಂದೆ ಬಸುರಿ, ಬಾಣಂತಿಯರಿಗೇ ಅಕ್ಯುಪಂಕ್ಚರ್ ಮಾಡ್ಬೇಕು ಅಂತ ಆಸೆ. ಮನೇಲಿ ಅಮ್ಮ "ಬಸುರಿಗೆ ಸೂಜಿ ಚುಚ್ತೀಯಾ, ಹೆಚ್ಚುಕಮ್ಮಿ ಆದ್ರೆ ಏನ್ ಗತಿ" ಅಂತಾರೆ. ನಿಮ್ಮ ಹತ್ರ ಎಂಥೋರು ಬರ್ತಾರೆ, ಏನ್ ಮಾಡ್ತೀರಾ ಹೇಳ್ತೀರಾ?

ಉತ್ತರ: ಅಮ್ಮನ ಭಯ ತಪ್ಪಲ್ಲಮ್ಮ, ಅದು ನಿನಗೂ ಸ್ವಲ್ಪ ಇರ್ಬೇಕು. ಮೊದಲ ಮೂರು ತಿಂಗಳೋರು ವಾಂತಿಗೆ ಬರ್ತಾರೆ, ಆರು ತಿಂಗಳು ದಾಟಿದೋರು ಸೊಂಟ ನೋವಿಗೆ, ಬಾಣಂತಿಯರು ಮಗು ಎತ್ತಿ ಎತ್ತಿ ಬೆನ್ನು ಕುತ್ತಿಗೆ ಹಿಡ್ಕೊಂಡು ಬರ್ತಾರೆ. ವಾಂತಿಗೆ ಎಷ್ಟೋ ಸಲ ಸೂಜಿನೇ ಬೇಡ, ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಮೂರು ಬೆರಳು ಬಿಟ್ರೆ ಪಿಸಿ 6 ಪಾಯಿಂಟ್, ಅದನ್ನ ಒತ್ತೋದು ಹೇಳ್ಕೊಟ್ರೆ ಬಸ್ಸಲ್ಲಿ ಕೂತು ಅವರೇ ಒತ್ಕೋತಾರೆ, ಕೆಲವರಿಗೆ ಹಗುರ ಆಗುತ್ತೆ ಕೆಲವರಿಗೆ ಏನೂ ಆಗಲ್ಲ. ಕುಡಿದ ನೀರೂ ನಿಲ್ತಿಲ್ಲ ಅಂದ್ರೆ ಆಸ್ಪತ್ರೆಗೇ ಕಳಿಸ್ಬೇಕು, ಡ್ರಿಪ್ ಬೇಕಾಗಬಹುದು.

ಚುಚ್ಚೋದಕ್ಕಿಂತ ಎಲ್ಲಿ ಚುಚ್ಚಬಾರ್ದು ಅನ್ನೋದು ಮೊದಲು ಕಲಿ. ಹೊಟ್ಟೆಗೆ ನಾನು ಸೂಜಿ ಹಾಕೋದೇ ಇಲ್ಲ. ಹೆಬ್ಬೆರಳು ತೋರುಬೆರಳ ಮಧ್ಯದ ಎಲ್‌ಐ 4, ಕಾಲಿನ ಒಳಗಡೆ ಗಿಣ್ಣಿಗಿಂತ ಮೇಲಿರೋ ಎಸ್‌ಪಿ 6, ಇವನ್ನ ಚುಚ್ಚಿದ್ರೆ ಹೆರಿಗೆ ನೋವು ಬೇಗ ಶುರುವಾಗ್ಬಹುದು ಅಂತ 37 ವಾರ ಆಗೋವರೆಗೂ ಮುಟ್ಟಲ್ಲ. ಅದ್ರಿಂದ ತೊಂದ್ರೆ ಆಗಲ್ಲ ಅಂತ ವಾದ ಮಾಡೋರೂ ಇದಾರೆ, ಆದ್ರೆ ಬೇರೆ ಪಾಯಿಂಟ್ ಇರೋವಾಗ ನಂಗೆ ಆ ರಿಸ್ಕ್ ಬೇಡ. ಸೂಜಿ ಕಮ್ಮಿ, ಒಂದ್ಸಲ ಬಳಸಿ ಎಸೆಯೋದು, ಎಡಮಗ್ಗುಲಾಗಿ ಮಲಗ್ಸಿ ದಿಂಬು ಕೊಡೋದು, ಅಂಗಾತ ಜಾಸ್ತಿ ಹೊತ್ತು ಮಲಗ್ಸಲ್ಲ.

ಒಂದ್ಸಲ ಎಂಟು ತಿಂಗಳ ಬಸುರಿ ತಲೆನೋವು ಅಂತ ಬಂದ್ಲು, ಮುಖ ಕೈ ಎಲ್ಲ ಊದಿತ್ತು, ಬಿಪಿ ನೋಡಿದ್ರೆ 150/100, ಒಂದು ಸೂಜಿನೂ ಹಾಕ್ದೆ ಆಟೋ ಹತ್ತಿಸಿ ಅವಳ ಡಾಕ್ಟರ್ ಹತ್ರ ಕಳಿಸ್ದೆ. ಅವತ್ತು ನಾನು ಮಾಡಿದ ಕೆಲ್ಸ ಅಷ್ಟೇ, ಆದ್ರೆ ಅದೇ ದೊಡ್ಡದು ಅಂತ ಈಗ್ಲೂ ಅನ್ಸುತ್ತೆ. ಬಾಣಂತಿಗೂ ಹಾಗೇ, ಒಂದೇ ಮೀನಖಂಡ ಊದಿ ನೋಯ್ತಿದ್ರೆ ರಕ್ತ ಹೆಪ್ಪುಗಟ್ಟಿರಬಹುದು, ಎಣ್ಣೆ ಹಚ್ಚಿ ತಿಕ್ಕೋಕೆ ಬಿಡ್ಬೇಡ.

ಇನ್ನೊಬ್ರ ಪ್ರಶ್ನೆ: ಮೇಡಂ ನಂಗೀಗ 34 ವಾರ, ಮಗು ತಲೆ ಕೆಳಗೆ ಬರೋ ಬದ್ಲು ಮೇಲ್ಗಡೆ ಇದೆ ಅಂದ್ರು. ಕಾಲಿನ ಕಿರುಬೆರಳಿಗೆ ಮೋಕ್ಸಾ ಶಾಖ ಕೊಟ್ರೆ ತಿರುಗುತ್ತಂತೆ, ಮನೇಲೇ ಮಾಡ್ಕೋಬಹುದಾ?

ಉತ್ತರ: ಗಣೇಶನ ಪೂಜೆಗೆ ತರ್ತೀವಲ್ಲ ಮಾಚಿಪತ್ರೆ, ಆ ಜಾತಿಯ ಎಲೆ ಒಣಗ್ಸಿ ಸುತ್ತಿದ ಬತ್ತಿನೇ ಮೋಕ್ಸಾ. ಅದನ್ನ ಹೊತ್ತಿಸಿ ಕಿರುಬೆರಳ ಉಗುರಿನ ಹೊರಮೂಲೆ ಹತ್ರ ಹಿಡೀತಾರೆ, ಚರ್ಮಕ್ಕೆ ತಾಗಿಸಲ್ಲ. 1998ರಲ್ಲಿ ಚೀನಾದ 260 ಚೊಚ್ಚಲ ಬಸುರಿಯರ ಅಧ್ಯಯನದಲ್ಲಿ ಮೋಕ್ಸಾ ಮಾಡಿದ 130 ಜನರಲ್ಲಿ 98 ಮಕ್ಕಳು ತಿರುಗಿದ್ವು, ಮಾಡದ 130ರಲ್ಲಿ 62 ತಾವಾಗೇ ತಿರುಗಿದ್ವು. ಆಮೇಲೆ ಇಟಲಿಯಲ್ಲಿ ಮಾಡಿದಾಗ ವ್ಯತ್ಯಾಸ ಕಾಣ್ಲಿಲ್ಲ, ಹಾಗಾಗಿ ಗ್ಯಾರಂಟಿ ಅಂತ ನಾನು ಯಾರಿಗೂ ಹೇಳಲ್ಲ. ಅವಳಿ ಮಕ್ಕಳು, ಕಸ (ಮಾಸು, ಪ್ಲಾಸೆಂಟಾ) ಕೆಳಗಿರೋದು, ಹಿಂದೆ ಸಿಸೇರಿಯನ್, ರಕ್ತ ಹೋಗೋದು, ಇವುಗಳಲ್ಲಿ ಯಾವ್ದಿದ್ರೂ ಬೇಡ. ಮೊದಲು ನಿಮ್ಮ ಡಾಕ್ಟರನ್ನ ಕೇಳಿ, ಅವರು ಸರಿ ಅಂದ್ರೆ ಕಲಿತೋರ ಹತ್ರ ಒಂದ್ಸಲ ಮಾಡಿಸ್ಕೊಂಡು ನೋಡ್ಕಳಿ, ಆಮೇಲೆ ಯಜಮಾನ್ರು ಮನೇಲಿ ಹಿಡೀಬಹುದು. ಮಗು ಓಡಾಟ ಕಮ್ಮಿ ಅನ್ಸಿದ್ರೆ ಮಾತ್ರ ಬೆಳಗಾಗ್ಲಿ ಅಂತ ಕಾಯ್ಬೇಡಿ, ರಾತ್ರಿನೇ ಆಸ್ಪತ್ರೆಗೆ ಹೊರಡಿ.