ಅಪ್‌ಡೇಟ್: ನಲವತ್ತು ವರ್ಷದ ಕಥೆ ಮೂರು ದಿನಕ್ಕೆ ಇಳಿಯಿತು

ನಲವತ್ತು ವರ್ಷಕ್ಕೆ ಹರಡಿದ ನನ್ನ ಕಥೆಯನ್ನು ಹೇಗೆ ಬಿಗಿ ಮಾಡಲಿ ಎಂದು ಎರಡು ವಾರದ ಹಿಂದೆ ಇಲ್ಲಿ ಕೇಳಿದ್ದೆ, ನೆನಪಿದೆಯಲ್ವಾ? ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಒಂದು ಮನೆಯ ಕಥೆ. 1960ರಿಂದ 2000ದವರೆಗೆ ಎಳೆದಿದ್ದೆ, ಅದೂ ಹನ್ನೆರಡೇ ಪುಟದಲ್ಲಿ! ‘ಹತ್ತು ವರ್ಷ ಕಳೆಯಿತು’ ಎಂಬ ಸಾಲೇ ಮೂರು ಸಲ ಬಂದಿತ್ತು.

ಪ್ರತಿ ಭಾಗಕ್ಕೂ ಇಸವಿ ಹಾಕಿ ನೋಡಿದೆ. ಸರ್ಕಾರಿ ವರದಿ ಓದಿದ ಹಾಗಾಯಿತು. ಒಂದೇ ದಿನಕ್ಕೆ ಇಳಿಸಿದರೆ ಪಾತ್ರಗಳೆಲ್ಲ ಕೂತು ಹಳೆಯ ಕಥೆ ಹೇಳತೊಡಗಿದವು. ಅದೂ ಬೇಡವಾಯಿತು.

ಕೆಲಸಕ್ಕೆ ಬಂದದ್ದು ಒಬ್ಬರು ಕೇಳಿದ ಪ್ರಶ್ನೆ: ‘ಅಜ್ಜಿ ಮನೆ ಬಿಡಲು ಯಾವಾಗ ಒಪ್ಪುತ್ತಾಳೆ? ಅದಕ್ಕೆ ಸ್ವಲ್ಪ ಮುಂಚೆ ಶುರು ಮಾಡಿ.’ ಅವರಿಗೆ ದೊಡ್ಡ ಥ್ಯಾಂಕ್ಸ್. ಈಗ ಕಥೆ ಮೂರೇ ದಿನದ್ದು. ಅಣೆಕಟ್ಟು ಮುಗಿದದ್ದು 1964ರಲ್ಲಿ, ಹಾಗಾಗಿ ಅದಕ್ಕಿಂತ ಮುಂಚಿನ ಬೇಸಿಗೆ. ಹೆಂಚು ಇಳಿಸಿದ ದಿನ, ಬಾಗಿಲು ಕಿತ್ತ ದಿನ, ಗಾಡಿ ಹೊರಟ ದಿನ.

ನನಗೇ ಆಶ್ಚರ್ಯವಾದದ್ದು ಏನೆಂದರೆ, ಬಿಟ್ಟ ವರ್ಷಗಳು ಎಲ್ಲೂ ಹೋಗಲಿಲ್ಲ. ಹೊಸ್ತಿಲು ಕೀಳುವಾಗ ಅಜ್ಜಿಗೆ ತಾನು ಸೇರಕ್ಕಿ ಒದ್ದು ಒಳಗೆ ಬಂದ ದಿನ ನೆನಪಾಗುತ್ತದೆ. ಎರಡು ಸಾಲು, ಅಷ್ಟೇ. ಮೊದಲು ಇದಕ್ಕೇ ಎರಡು ಪುಟ ಸುರಿದಿದ್ದೆ!

‘2000ದ ಭಾಗ ಪೂರ್ತಿ ಕತ್ತರಿಸಿ’ ಎಂದವರ ಮಾತು ಮಾತ್ರ ಕೇಳಲಿಲ್ಲ, ಕ್ಷಮಿಸಿ. ನೀರು ತೀರಾ ಇಳಿದ ಬೇಸಿಗೆಯಲ್ಲಿ ಅದೇ ಹಿನ್ನೀರಿನಲ್ಲಿ ಮುಳುಗಿದ ಹಳೆಯ ಮಡೆನೂರು ಅಣೆಕಟ್ಟು ಮೇಲೆ ಕಾಣುತ್ತದಲ್ಲ, ಮೊಮ್ಮಗ ಅದನ್ನು ನೋಡುವ ಅರ್ಧ ಪುಟ ಕೊನೆಗೆ ಹಾಗೇ ಉಳಿದಿದೆ.