ಹ್ಯಾಂಗಿಂಗ್ ಗಿಡಗಳ ಕಟಿಂಗ್‌ಗೆ ಬರೀ ಕೋಕೋಪೀಟ್ ಸಾಕಾ?

ಆರ್‌ಆರ್‌ನಗರ_ಬಾಲ್ಕನಿ:
ನಮ್ಮದು ಮೂರನೇ ಮಹಡಿ, ಪೂರ್ವಕ್ಕೆ ಬಾಲ್ಕನಿ. ಬೆಳಿಗ್ಗೆ ಹತ್ತರವರೆಗೆ ಬಿಸಿಲು, ಆಮೇಲೆ ಬರೀ ಬೆಳಕು. ಮನಿ ಪ್ಲಾಂಟ್, ಟರ್ಟಲ್ ವೈನ್, ಹೋಯಾ, ಸ್ಟ್ರಿಂಗ್ ಆಫ್ ಪರ್ಲ್ಸ್ ಇವೆ. ಇವುಗಳಿಂದ ಕಡ್ಡಿ ತೆಗೆದು ಹೊಸ ಕುಂಡ ಮಾಡಿ ಅಕ್ಕನ ಮನೆ ಗೃಹಪ್ರವೇಶಕ್ಕೆ ಕೊಡಬೇಕು ಅಂತ ಆಸೆ. ಕೋಕೋಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿ) ಮನಿ ಪ್ಲಾಂಟ್ ಚೆನ್ನಾಗಿ ಬೇರು ಬಿಟ್ಟಿದೆ, ಅದೇ ಕೋಕೋಪೀಟ್‌ನಲ್ಲಿ ಪರ್ಲ್ಸ್ ಮಾತ್ರ ಬುಡದಿಂದ ಮೆತ್ತಗಾಗಿ ಕೊಳೆಯುತ್ತಿದೆ. ಬರೀ ಕೆಂಪು ಮಣ್ಣಿಗೆ ಹಾಕಿದರೆ ಒಣಗಿದ ಮೇಲೆ ಗಟ್ಟಿಯಾಗುತ್ತದೆ. ಎಲ್ಲಕ್ಕೂ ಒಂದೇ ಮಿಶ್ರಣ ಮಾಡಬಹುದಾ? ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ದುಬಾರಿ, ಅದರ ಬದಲು ಏನಾದ್ರೂ ಇದೆಯಾ?

ಜಯನಗರದ_ತೋಟ:
ಒಂದೇ ಮಿಶ್ರಣ ಎಲ್ಲಕ್ಕೂ ಹೊಂದುವುದಿಲ್ಲ ಮೇಡಂ. ಬೇರಿಲ್ಲದ ಕಡ್ಡಿಗೆ ಗೊಬ್ಬರ ಬೇಡ, ಬೇಕಾಗಿರುವುದು ತೇವ ಮತ್ತು ಗಾಳಿ. ಕೋಕೋಪೀಟ್ ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿಡುತ್ತದೆ, ಒತ್ತಿ ತುಂಬಿದರೆ ಒಳಗೆ ಗಾಳಿಗೆ ಜಾಗವೇ ಇರುವುದಿಲ್ಲ. ಮನಿ ಪ್ಲಾಂಟ್ ನೀರಿನ ಬಾಟಲಿಯಲ್ಲೇ ಬೇರು ಬಿಡುವ ಗಿಡ, ಅದಕ್ಕೆ ಅಷ್ಟೇನೂ ತೊಂದರೆ ಆಗಲ್ಲ. ಪರ್ಲ್ಸ್ ದಕ್ಷಿಣ ಆಫ್ರಿಕಾದ ಒಣ ಪ್ರದೇಶದ್ದು, ಆ ಮಣಿ ಎಲೆಗಳಲ್ಲೇ ನೀರು ಕೂಡಿಟ್ಟುಕೊಂಡಿರುತ್ತದೆ. ಅದಕ್ಕೆ ಒಂದು ಪಾಲು ಕೋಕೋಪೀಟ್‌ಗೆ ಎರಡು ಪಾಲು ದಪ್ಪ ಮರಳೋ ಪರ್ಲೈಟೋ ಹಾಕಿ. ಎಳೆಯನ್ನು ಒಳಗೆ ಹೂಳಬೇಡಿ. ಸುರುಳಿ ಸುತ್ತಿ ಮೇಲೆ ಮಲಗಿಸಿ, ಗೆಣ್ಣುಗಳು ಮಣ್ಣಿಗೆ ತಾಗುವ ಹಾಗೆ ಮೆಲ್ಲಗೆ ಒತ್ತಿ. ಮೊದಲ ಎರಡು ಮೂರು ದಿನ ನೀರು ಬೇಡ, ಕತ್ತರಿಸಿದ ಗಾಯ ಒಣಗಲಿ.

ಮನಿ ಪ್ಲಾಂಟ್ ಕತ್ತರಿಸುವಾಗ ಎಲೆ ಕಾಂಡಕ್ಕೆ ಸೇರುವ ಜಾಗ ನೋಡಿ. ಅಲ್ಲಿ ಕಂದು ಬಣ್ಣದ ಸಣ್ಣ ಮೊನೆ ಕಾಣುತ್ತದೆ. ಅದೇ ಗಾಳಿಬೇರು, ಅದು ಮಿಶ್ರಣದ ಒಳಗೆ ಇರಬೇಕು. ಗೆಣ್ಣಿಲ್ಲದೆ ಬರೀ ಎಲೆ ನೆಟ್ಟರೆ ಬೇರು ಬಂದರೂ ಬಳ್ಳಿ ಬರುವುದಿಲ್ಲ.

ಬಸವನಗುಡಿ_ಗಿಡ:
ಪರ್ಲೈಟ್ ಬದಲು ಸುಟ್ಟ ಬತ್ತದ ಹೊಟ್ಟು ಅಥವಾ ಕಡಲೆಕಾಳಿನಷ್ಟು ಇದ್ದಿಲ ಚೂರು ಹಾಕಿ, ಎರಡೂ ಹಗುರ. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಹಾಕುವುದಾದರೆ ನುಣ್ಣನೆ ಪುಡಿಯೆಲ್ಲ ಹೋಗುವ ತನಕ ತೊಳೆಯಲೇಬೇಕು, ಇಲ್ಲದಿದ್ದರೆ ಆ ಪುಡಿ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಆದರೆ ತೂಗುಹಾಕುವ ಕುಂಡಕ್ಕೆ ಮರಳು ಜಾಸ್ತಿಯಾದರೆ ಭಾರ, ಹುಕ್ ತಡೆಯುತ್ತದಾ ಅಂತ ಮೊದಲು ನೋಡಿಕೊಳ್ಳಿ. ಕೋಕೋಪೀಟ್ ಇಟ್ಟಿಗೆಯಲ್ಲಿ ಉಪ್ಪಿನಂಶ ಇರುವುದುಂಟು. ನೆನೆಸಿ, ಹಿಂಡಿ, ಎರಡು ಮೂರು ಸಲ ನೀರು ಬದಲಿಸಿ. ಬೋರ್‌ವೆಲ್ ನೀರಾದರೆ ಕೊನೆಯ ಸಲಕ್ಕಾದರೂ ಮಳೆನೀರು ಸಿಕ್ಕರೆ ಒಳ್ಳೆಯದು. ಒಂದೇ ಕಡೆ ಎಲ್ಲ ಹುಡುಕಬೇಕೆಂದರೆ ಲಾಲ್‌ಬಾಗ್ ಪಕ್ಕ ಸಿದ್ದಾಪುರದ ನರ್ಸರಿಗಳಲ್ಲಿ ಒಂದು ಸುತ್ತು ಹಾಕಿ.

ಮಲ್ಲೇಶ್ವರಂ_ಮಹಡಿ:
ಕೆಂಪು ಮಣ್ಣನ್ನು ಅಷ್ಟು ಸುಲಭವಾಗಿ ಬಿಡಬೇಡಿ. ಬೇರು ಬರಿಸುವುದಕ್ಕೆ ಒಂದು ಮಿಶ್ರಣ, ಬೆಳೆಸುವುದಕ್ಕೆ ಇನ್ನೊಂದು. ಬರೀ ಕೋಕೋಪೀಟ್‌ನಲ್ಲಿ ಪೋಷಕಾಂಶ ಇಲ್ಲವೇ ಇಲ್ಲ ಅನ್ನಬಹುದು. ಮೇಲೆ ತೂಗುವ ಕುಂಡಕ್ಕೆ ಎಲ್ಲ ಕಡೆಯಿಂದ ಗಾಳಿ ಬಡಿಯುತ್ತದೆ, ಬೇಗ ಒಣಗುತ್ತದೆ. ಬೇರು ಬಂದ ಮೇಲೆ ಮನಿ ಪ್ಲಾಂಟ್‌ಗೂ ಟರ್ಟಲ್ ವೈನ್‌ಗೂ ಕೆಂಪು ಮಣ್ಣು, ಕೋಕೋಪೀಟ್, ಎರೆಗೊಬ್ಬರ ಸಮಪಾಲು ಹಾಕಿ. ಕುಂಡದ ತಳಕ್ಕೆ ಜಲ್ಲಿ ಬೇಡ. ನೀರು ಬೇಗ ಇಳಿಯುತ್ತದೆ ಅನ್ನುತ್ತಾರೆ, ಆದರೆ ಜಲ್ಲಿಯ ಮೇಲಿನ ಮಣ್ಣಿನಲ್ಲೇ ನೀರು ನಿಲ್ಲುತ್ತದೆ, ಸುಮ್ನೆ ಭಾರ.

ಆರ್‌ಆರ್‌ನಗರ_ಬಾಲ್ಕನಿ:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ! ಹೋಯಾ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ? ಬೇರು ಬಂದಿದೆ ಅಂತ ಗೊತ್ತಾಗುವುದು ಹೇಗೆ?

ಜಯನಗರದ_ತೋಟ:
ಹೋಯಾ ಕತ್ತರಿಸಿದರೆ ಹಾಲು ಸೋರುತ್ತದೆ, ಅದು ನಿಂತು ಒಣಗಿದ ಮೇಲೆ ನೆಡಿ. ಕೋಕೋಪೀಟ್, ಇದ್ದಿಲ ಚೂರು ಅರ್ಧರ್ಧ ಇರಲಿ. ಮನಿ ಪ್ಲಾಂಟ್‌ಗಿಂತ ನಿಧಾನ, ಚಳಿಗಾಲದಲ್ಲಿ ಇನ್ನೂ ನಿಧಾನ, ಹಾಗಾಗಿ ಗೃಹಪ್ರವೇಶ ಹತ್ತಿರದಲ್ಲಿದ್ದರೆ ಅದನ್ನು ನಂಬಿಕೊಳ್ಳಬೇಡಿ, ಟರ್ಟಲ್ ವೈನ್ ಬೇಗ ತುಂಬಿಕೊಳ್ಳುತ್ತದೆ. ಬೇರು ನೋಡಲು ಕಿತ್ತು ತೆಗೆಯಬೇಡಿ. ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ, ಹಿಡಿದುಕೊಂಡಿದ್ದರೆ ಬೇರು ಬಂದಿದೆ ಅಂತ. ಇನ್ನೊಂದು ವಿಷಯ, ಹೋಯಾದಲ್ಲಿ ಹೂ ಉದುರಿದ ಮೇಲೆ ಉಳಿಯುವ ಮೋಟು ತೊಟ್ಟನ್ನು ಕತ್ತರಿಸಬೇಡಿ. ಮುಂದಿನ ಸಲ ಹೂ ಬರುವುದು ಅದರಲ್ಲೇ.