ಓಮ್ನಿಯ ಹಿಂದಿನ ಬ್ರೇಕ್ ಪೈಪು ತುಕ್ಕು ಹಿಡಿದು ಸೋರುತ್ತಿದೆ: ತುಂಡು ಜೋಡಿಸಿದರೆ ಸಾಕೇ, ಪೂರ್ತಿ ಬದಲಿಸಬೇಕೇ?

ಶಿಡ್ಲಘಟ್ಟದ ರೇಷ್ಮೆಯವನು:

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟ ತಾಲ್ಲೂಕು, ಜಂಗಮಕೋಟೆ ಕಡೆ. ಮನೆಯಲ್ಲಿರುವುದು 2006ರ ಮಾರುತಿ ಓಮ್ನಿ. ಚಿಕ್ಕಬಳ್ಳಾಪುರ ಜಿಲ್ಲೆಯಾಗಿದ್ದು 2007ರಲ್ಲಿ. ನಾವಿನ್ನೂ ಕೋಲಾರ ಜಿಲ್ಲೆಯಲ್ಲಿದ್ದಾಗ ಅಪ್ಪ ಕೋಲಾರದಿಂದ ತಂದ ಗಾಡಿ, ಕೆಎ 07 ನಂಬರು. 15 ವರ್ಷ ತುಂಬಿದಾಗ ಎಫ್‌ಸಿ ಮಾಡಿಸಿ ಇನ್ನೂ 5 ವರ್ಷ ಮುಂದಕ್ಕೆ ಹಾಕಿಸಿಕೊಂಡೆವು. ಹಿಪ್ಪುನೇರಳೆ ಸೊಪ್ಪು ತರುವುದು, ರೇಷ್ಮೆ ಗೂಡಿನ ಚೀಲ ಮಾರ್ಕೆಟ್ಟಿಗೆ ಹಾಕುವುದು, ಹುಳು ಮನೆಗೆ ಔಷಧಿ ತರುವುದು, ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಎಲ್ಲಕ್ಕೂ ಇದೊಂದೇ.

ಸೋಮವಾರ ಪಕ್ಕದ ತೋಟದವರ ಗೂಡು ಮಾರ್ಕೆಟ್ಟಿಗೆ ಬಿಟ್ಟು ವಾಪಸ್ ಬರುತ್ತಿದ್ದೆ. ಹಸುವೊಂದು ಅಡ್ಡ ಬಂತು. ಬ್ರೇಕ್ ತುಳಿದರೆ ಪೆಡಲು ಎಂದಿಗಿಂತ ಎರಡು ಬೆರಳು ಕೆಳಕ್ಕೆ ಹೋಯಿತು. ಗಾಡಿ ನಿಂತಿತು, ಆದರೆ ನಾನು ನಿಲ್ಲಿಸಬೇಕು ಅಂದುಕೊಂಡ ಜಾಗದಲ್ಲಿ ನಿಲ್ಲಲಿಲ್ಲ. ಹಸು ತಾನಾಗಿ ಪಕ್ಕಕ್ಕೆ ಸರಿಯಿತು. ಹಿಂದಿನ ಸೀಟಿನಲ್ಲಿ ಅಕ್ಕನ ಮಗಳು ಕೂತಿದ್ದಳು. ಮನೆಗೆ ಬರುವವರೆಗೂ ಎರಡನೇ ಗೇರಿನ ಮೇಲೆ ಹೋಗಲಿಲ್ಲ.

ಬ್ರೇಕ್ ಆಯಿಲ್ ಡಬ್ಬಿ ನೋಡಿದರೆ ಕೆಳಗಿನ ಗೆರೆಗಿಂತ ಇಳಿದಿತ್ತು. ಎಡಗಡೆ ಹಿಂದಿನ ಚಕ್ರದ ಮುಂಭಾಗದಲ್ಲಿ ನೆಲ ಒದ್ದೆ. ಪೆಟ್ರೋಲ್ ವಾಸನೆಯಿಲ್ಲ, ಬೆರಳಿಗೆ ಜಿಡ್ಡು. ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡಿದೆ. ನೆಲದಡಿ ಉದ್ದಕ್ಕೆ ಹೋಗುವ ಸಣ್ಣ ಪೈಪನ್ನು ಪ್ಲಾಸ್ಟಿಕ್ ಕ್ಲಿಪ್ಪು ಕಚ್ಚಿಕೊಂಡಿರುವ ಕಡೆ ತುಕ್ಕು ಹಪ್ಪಳದ ಹಾಗೆ ಎದ್ದಿದೆ. ಅದರ ಹಿಂದೆ ಮುಂದೆ ಪೈಪು ಚೆನ್ನಾಗಿಯೇ ಕಾಣುತ್ತದೆ.

ಊರಿನ ಮೆಕ್ಯಾನಿಕ್ ಒಬ್ಬರು, ಕೊಳೆತಿರುವ ಅರ್ಧ ಅಡಿ ಕತ್ತರಿಸಿ ಗಟ್ಟಿ ರಬ್ಬರ್ ಹೋಸು ತೂರಿಸಿ ಎರಡೂ ಕಡೆ ಕ್ಲಿಪ್ ಬಿಗಿದರೆ ಆಯಿತು ಅಂದರು. ನನಗೆ ಧೈರ್ಯ ಬರುತ್ತಿಲ್ಲ. ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟು ಎರಡು ದಿನವಾಯಿತು, ಇನ್ನು ನಾಲ್ಕು ದಿನಕ್ಕೆ ಗೂಡು ಬಿಡಿಸಬೇಕು. ತಡವಾದರೆ ಚಿಟ್ಟೆ ಗೂಡು ಕೊರೆದು ಹೊರಗೆ ಬರುತ್ತದೆ, ಆಮೇಲೆ ನೂಲು ತೆಗೆಯುವ ಯಾವ ರೀಲರೂ ಮುಟ್ಟುವುದಿಲ್ಲ. ಅಷ್ಟರೊಳಗೆ ಗಾಡಿ ಸರಿಯಾಗಬೇಕು, ಆದರೆ ಸರಿಯಾದ ರೀತಿಯಲ್ಲೇ ಆಗಬೇಕು. ತುಂಡು ಜೋಡಿಸಬಹುದೇ? ಗ್ಯಾರೇಜಿನವರೆಗೆ ನಿಧಾನಕ್ಕೆ ಓಡಿಸಿಕೊಂಡು ಹೋಗಬಹುದೇ? ಇನ್ನೊಂದು ಮಾತು. ನಮ್ಮದು ಬಯಲುಸೀಮೆ, ಸಮುದ್ರವಿಲ್ಲ, ಮಳೆಯೂ ಅಷ್ಟಕ್ಕಷ್ಟೆ. ಇಷ್ಟು ತುಕ್ಕು ಎಲ್ಲಿಂದ ಬಂತು?

ಚಿಂತಾಮಣಿ ಗ್ಯಾರೇಜ್:

ಅಣ್ಣ, ಮೊದಲು ಗಾಡಿ ನಿಲ್ಸಿ. ಗ್ಯಾರೇಜಿಗೂ ಓಡಿಸ್ಕೊಂಡು ಹೋಗಬೇಡಿ. ಹಗ್ಗ ಕಟ್ಟಿ ಎಳಿಸೋದೂ ಬೇಡ. ಎಳೆಯೋ ಗಾಡಿ ನಿಂತಾಗ ಹಿಂದಿನ ಗಾಡಿಗೇ ಬ್ರೇಕ್ ಬೇಕಲ್ಲ. ಮೆಕ್ಯಾನಿಕ್ಕನ್ನೇ ಮನೆ ಹತ್ರ ಕರೆಸಿ, ಇಲ್ಲಾಂದ್ರೆ ದೊಡ್ಡ ಗಾಡಿ ಮೇಲೆ ಹಾಕಿಸ್ಕೊಂಡು ಹೋಗಿ.

ರಬ್ಬರ್ ಹೋಸು ಯಾಕೆ ಬೇಡ ಅಂತ ಹೇಳ್ತೀನಿ. ನಿಮ್ಮ ಟೈರಲ್ಲಿ ಇರೋ ಗಾಳಿ 30 ಪಿಎಸ್‌ಐ ಲೆಕ್ಕ. ಗಟ್ಟಿಯಾಗಿ ಬ್ರೇಕ್ ತುಳಿದಾಗ ಈ ಸಣ್ಣ ಪೈಪೊಳಗೆ ಏಳೋ ಒತ್ತಡ ಸಾವಿರ ಪಿಎಸ್‌ಐ ದಾಟುತ್ತೆ. ಕ್ಲಿಪ್ ಬಿಗಿದ ಹೋಸು ಮನೆ ಮುಂದೆ ನಿಧಾನಕ್ಕೆ ಒತ್ತಿ ನೋಡಿದಾಗ ನಿಲ್ಲುತ್ತೆ. ಹಸು ಅಡ್ಡ ಬಂದು ಜೀವಭಯಕ್ಕೆ ತುಳೀತೀರಲ್ಲ, ಆವತ್ತೇ ಕಿತ್ಕೊಂಡು ಬರುತ್ತೆ. ಎಂ-ಸೀಲ್ ಮೆತ್ತೋದು, ಬೆಸುಗೆ ಹಾಕೋದು, ಎಲ್ಲಾ ಅದೇ ಕತೆ. ಚಕ್ರದ ಹತ್ರ ಇರೋ ಕಪ್ಪು ಹೋಸು ಕಂಪನಿಯಿಂದಲೇ ಬರುತ್ತಲ್ಲ ಅಂತ ಕೇಳಬಹುದು. ಅದು ಒಳಗೆ ನೂಲಿನ ಹೆಣಿಗೆ ಇಟ್ಟು, ತುದಿಗೆ ಲೋಹದ ತಲೆ ಒತ್ತಿ ಮಾಡಿರೋದು. ಅಂಗಡೀಲಿ ಮೀಟರ್ ಲೆಕ್ಕದಲ್ಲಿ ಕೊಯ್ದು ಕೊಡೋದಲ್ಲ.

ನೀವು ಮನೆವರೆಗೂ ಬಂದಿದ್ದು ಹೇಗೆ ಅಂದ್ರೆ, ಪೆಡಲು ತುಳಿದಾಗ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರ್ ಒಳಗೆ ಎರಡು ಕೋಣೆ ಇರುತ್ತೆ. ಒಂದು ಕಡೆ ಆಯಿಲ್ ಹೋದ್ರೂ ಇನ್ನೊಂದು ಕಡೆ ಸ್ವಲ್ಪ ಹಿಡಿಯುತ್ತೆ. ಪೆಡಲು ಕೆಳಗೆ ಹೋಗುತ್ತೆ, ನಿಲ್ಲೋ ದೂರ ಜಾಸ್ತಿ ಆಗುತ್ತೆ. ಅದನ್ನ ನಂಬ್ಕೊಂಡು ಗೂಡು ತುಂಬಬೇಡಿ.

ಪೈಪು ಪೂರ್ತಿ ಬದಲಾಯಿಸಿ, ಈ ಜಾಯಿಂಟಿಂದ ಆ ಜಾಯಿಂಟಿಗೆ. ಒಂದು ಕ್ಲಿಪ್ಪಿನ ಕೆಳಗೆ ಹೀಗಾಗಿದೆ ಅಂದ್ರೆ ಮಿಕ್ಕಿದ ಕ್ಲಿಪ್ಪುಗಳ ಕೆಳಗೂ ಅದೇ ಮಣ್ಣು, ಅದೇ ತೇವ ಕೂತಿರುತ್ತೆ.

ಕೋಲಾರದವನು:

ನಮ್ಮ ಜೀಪಿಗೆ ಫ್ರಿಜ್ ರಿಪೇರಿಯವರ ಹತ್ತಿರ ಸಿಗುವ ತಾಮ್ರದ ಪೈಪು ಹಾಕಿಸಿ ಮೂರು ವರ್ಷವಾಯಿತು. ತುಕ್ಕಿನ ಮಾತೇ ಇಲ್ಲ, ಬಗ್ಗಿಸುವುದೂ ಸುಲಭ. ಅದನ್ನೇ ಹಾಕಿ.

ಚಿಂತಾಮಣಿ ಗ್ಯಾರೇಜ್:

ಕೋಲಾರದಣ್ಣ, ತಾಮ್ರ ತುಕ್ಕು ಹಿಡಿಯಲ್ಲ ಅನ್ನೋದು ನಿಜ. ಆದ್ರೆ ಗಾಡಿ ಅದುರ್ತಾ ಅದುರ್ತಾ ಬರೀ ತಾಮ್ರ ಗಡುಸಾಗಿ, ಫ್ಲೇರ್ ಮಾಡಿದ, ಅಂದ್ರೆ ತುದಿ ಅರಳಿಸಿದ ಕುತ್ತಿಗೆ ಹತ್ರ ಕೂದಲೆಳೆ ಬಿರುಕು ಬಿಡುತ್ತೆ. ಅದು ಕಣ್ಣಿಗೆ ಕಾಣಲ್ಲ. ತುಕ್ಕಾದ್ರೂ ಮುಂಚೆ ಮುಖ ತೋರಿಸುತ್ತೆ. ದಯವಿಟ್ಟು ನೀವೂ ನಿಮ್ಮ ಜೀಪಿನ ಕೆಳಗೆ ಒಂದ್ಸಲ ಮಲಗಿ ನೋಡಿ.

ಹಾಕೋದಾದ್ರೆ ಎರಡು ದಾರಿ. ಒಂದು, ಕಂಪನಿಯ ಉಕ್ಕಿನ ಪೈಪು, ಬಗ್ಗಿಸಿ ತುದಿ ಮಾಡಿ ರೆಡಿ ಬರುತ್ತೆ. ಇನ್ನೊಂದು ಕುಪ್ರೊನಿಕಲ್, ತಾಮ್ರಕ್ಕೆ ನೂರಕ್ಕೆ ಹತ್ತರಷ್ಟು ನಿಕಲ್ ಬೆರೆಸಿದ್ದು. ನೋಡೋಕೆ ತಾಮ್ರದ ಹಾಗೇ ಇರುತ್ತೆ, ಅದಕ್ಕೇ ಅಂಗಡೀಲಿ ಬಾಯಿಬಿಟ್ಟು ಕೇಳಿ, ಬ್ರೇಕಿಗೆ ಅಂತ ಹೇಳಿ ತಗೊಳ್ಳಿ. ಅಳತೆ 4.75 ಎಂಎಂ. ಬೆಂಗಳೂರು ಜೆ.ಸಿ. ರೋಡಲ್ಲಿ ಎರಡನ್ನೂ ವಿಚಾರಿಸಿ.

ತುಮಕೂರು ಬಟವಾಡಿ:

ನಿಮ್ಮ ಕೊನೆಯ ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿತು. ನಾನು ಉಡುಪಿಯವರಿಂದ ಕೊಂಡ ಹಳೆಯ ಮಾರುತಿ ಜೆನ್ ಇಟ್ಟುಕೊಂಡಿದ್ದೆ. ಅದರ ಪೈಪು ಕೊಳೆತದ್ದಕ್ಕೆ ಕಡಲ ಗಾಳಿಯ ಉಪ್ಪು ಕಾರಣ ಎಂದು ಸುಲಭವಾಗಿ ಹೇಳಬಹುದಿತ್ತು. ನಿಮ್ಮ ಗಾಡಿ ಹುಟ್ಟಿನಿಂದ ಬಯಲುಸೀಮೆಯದು. ಹಾಗಾದರೆ ಉಪ್ಪು ಗಾಡಿಯ ಒಳಗಿನಿಂದಲೇ ಬಂದಿರಬೇಕು. ಅದರಲ್ಲಿ ಏನೇನು ಸಾಗಿಸುತ್ತೀರಿ? ಗೊಬ್ಬರ? ಉಪ್ಪು? ಬ್ಲೀಚಿಂಗ್ ಪೌಡರ್?

ರಿಪೇರಿಯ ಬಗ್ಗೆ ನನ್ನ ಅನುಭವದ ಒಂದು ಮಾತು. ನಾನು ಸೋರಿದ ಒಂದು ಪೈಪು ಮಾತ್ರ ಬದಲಿಸಿ ಸುಮ್ಮನಾದೆ. ಮರುವರ್ಷ ದೇವರಾಯನದುರ್ಗದಿಂದ ಇಳಿಯುವಾಗ ಇನ್ನೊಂದು ಬದಿಯದು ಹೋಯಿತು. ಮೊದಲನೇ ಗೇರು, ಹ್ಯಾಂಡ್ ಬ್ರೇಕು ಸೇರಿಸಿ ಹೇಗೋ ಬದಿಗೆ ನಿಲ್ಲಿಸಿದೆ. ಮನೆಯವರು ಪಕ್ಕದಲ್ಲಿದ್ದರು. ಎರಡೂ ಬದಿ ಒಟ್ಟಿಗೆ ಮಾಡಿಸಿಬಿಡಿ.

ಬಿಚ್ಚುವ ಹಿಂದಿನ ರಾತ್ರಿಯೇ ನಟ್ಟುಗಳಿಗೆ ಡಬ್ಲ್ಯುಡಿ-40 ಹೊಡೆದು ಬಿಡಿ. ಮಾಮೂಲಿ ಸ್ಪ್ಯಾನರ್ ಹಾಕಿದರೆ ನಟ್ಟಿನ ಮೂಲೆ ಸವೆದು ಜಾರುತ್ತದೆ. ಪೈಪು ತೂರುವಷ್ಟು ಸೀಳು ಬಿಟ್ಟು ಸುತ್ತಲೂ ಹಿಡಿಯುವ ಸ್ಪ್ಯಾನರ್ ಬೇರೆ ಇದೆ, ಅದನ್ನೇ ಬಳಸಿ. ಹಳೆಯ ಗಾಡಿಯಲ್ಲಿ, ಪೈಪಿನೊಳಗೆ ಸೇರಿದ ಏರ್ ತೆಗೆಯುವ ನಿಪ್ಪಲು ಮುರಿದರೆ ಚಕ್ರದಲ್ಲಿ ಬ್ರೇಕ್ ಒತ್ತುವ ವೀಲ್ ಸಿಲಿಂಡರೇ ಹೊಸದು ಬೇಕಾಗುತ್ತದೆ. ಮೊದಲೇ ತಂದಿಟ್ಟುಕೊಳ್ಳಿ, ನಮಗೆ ಭಾನುವಾರ ಸಂಜೆ ಮುರಿಯಿತು.

ಶಿಡ್ಲಘಟ್ಟದ ರೇಷ್ಮೆಯವನು:

ಬಟವಾಡಿ ಸರ್, ನಿಮ್ಮ ಪ್ರಶ್ನೆ ಓದಿ ಎದ್ದು ಹೋಗಿ ಹಿಂದಿನ ಮ್ಯಾಟ್ ಎತ್ತಿ ನೋಡಿದೆ. ಬ್ಲೀಚಿಂಗ್ ಪೌಡರೇ. ಪ್ರತಿ ಬೆಳೆಗೂ ಮುಂಚೆ ಹುಳು ಮನೆ ತೊಳೆದು, ಸುಣ್ಣದ ನೀರಿಗೆ ನೂರಕ್ಕೆ ಎರಡರಂತೆ ಬ್ಲೀಚಿಂಗ್ ಕಲಸಿ ಹೊಡೆಯುತ್ತೇವೆ, ಇಲ್ಲದಿದ್ದರೆ ಹುಳುಗಳಿಗೆ ರೋಗ ತಪ್ಪುವುದಿಲ್ಲ. ವರ್ಷಕ್ಕೆ ಐದಾರು ಬೆಳೆ. ಇಷ್ಟೂ ವರ್ಷ ಚೀಲ ತಂದದ್ದು ಇದೇ ಗಾಡಿಯಲ್ಲಿ, ಇಟ್ಟದ್ದು ಎಡಗಡೆ ಹಿಂದಿನ ಮೂಲೆಯಲ್ಲಿ. ಬಾಗಿಲ ಹತ್ತಿರ ನೀರು ಹೋಗಲು ಇರುವ ತೂತಿನ ಸುತ್ತ ಬಿಳಿ ಹಿಟ್ಟು ಹೆಪ್ಪುಗಟ್ಟಿದೆ. ಆ ತೂತಿನ ನೇರ ಕೆಳಗೇ ಸೋರುವ ಕ್ಲಿಪ್ಪು.

ಬ್ಲೀಚಿಂಗ್ ಗಾಳಿಯ ತೇವ ಹೀರುತ್ತದೆ, ಕ್ಲೋರಿನ್ ಬಿಡುತ್ತದೆ ಅನ್ನುವುದು ನಮಗೆ ಮೂಗಿನಿಂದಲೇ ಗೊತ್ತು. ಅದು ನೆಲದ ತಗಡು ದಾಟಿ ಬ್ರೇಕಿನವರೆಗೆ ಇಳಿದಿರಬಹುದೆಂದು ಒಂದು ದಿನವೂ ಹೊಳೆಯಲಿಲ್ಲ. ನಮ್ಮ ಸುತ್ತ ರೇಷ್ಮೆ ಮಾಡುವ ಎಷ್ಟೋ ಮನೆಯಲ್ಲಿ ಓಮ್ನಿ, ಟಾಟಾ ಏಸ್ ಇವೆ. ಎಲ್ಲರೂ ಹೀಗೇ ತರುವುದು. ಇವತ್ತು ಸಂಜೆಯೇ ನಾಲ್ಕು ಮನೆಗೆ ಹೋಗಿ ಹೇಳಿ ಬಂದೆ, ಒಬ್ಬರ ಗಾಡಿಯಲ್ಲಿ ಪೈಪು ಆಗಲೇ ಕೆಂಪಗಾಗಿದೆ.

ಚಿಂತಾಮಣಿ ಗ್ಯಾರೇಜ್:

ಸಿಕ್ತಲ್ಲ ಮೂಲ. ಹಂಗಾದ್ರೆ ಕುಪ್ರೊನಿಕಲ್ಲೇ ಹಾಕಿ, ಉಕ್ಕು ಹಾಕಿದ್ರೆ ಮತ್ತೆ ಅದೇ ಗತಿ. ನೆಲ, ಕೆಳಭಾಗ ಎಲ್ಲಾ ಚೆನ್ನಾಗಿ ತೊಳೆದು ಒಣಗಿಸಿ.

ಕೆಲಸ ಮಾಡುವಾಗ ಇಷ್ಟು ನೋಡ್ಕೊಳ್ಳಿ. ಫ್ಲೇರ್ ಮಾಡೋಕೆ ಮುಂಚೆ ನಟ್ಟು ಪೈಪಿಗೆ ತೂರಿಸಿ. ಹಳೇ ಪೈಪಿನ ತುದಿ ಯಾವ ಆಕಾರದಲ್ಲಿದೆಯೋ ಹೊಸದೂ ಅದೇ ಆಗಬೇಕು. ಒಳಕ್ಕೆ ಮಡಿಸಿದ ಡಬಲ್ ಫ್ಲೇರ್ ಬೇರೆ, ಗುಳ್ಳೆ ಹಾಗಿರೋದು ಬೇರೆ. ಒಂದರ ಜಾಗಕ್ಕೆ ಇನ್ನೊಂದು ಕೂರಿಸಿದ್ರೆ ಎಷ್ಟು ಬಿಗಿದ್ರೂ ಒಸರುತ್ತೆ. ಹೊಸ ಪೈಪು ಹಳೇ ದಾರೀಲೇ ಹೋಗಲಿ, ಸೈಲೆನ್ಸರಿಗೆ ಹತ್ರ ಬೇಡ, ಎಲ್ಲೂ ಉಜ್ಜಬಾರದು. ಆಯಿಲ್ ಡಬ್ಬಿ ಮುಚ್ಚಳದ ಮೇಲೆ ಡಾಟ್ 3 (ಬ್ರೇಕ್ ಆಯಿಲಿನ ದರ್ಜೆ) ಅಂತ ಇದ್ರೆ ಅದನ್ನೇ, ಸೀಲ್ ಒಡೆಯದ ಹೊಸ ಬಾಟಲಿ ತನ್ನಿ. ಬ್ರೇಕ್ ಆಯಿಲ್ ನೀರು ಕುಡಿಯುತ್ತೆ. ಹೊಸದರಲ್ಲಿ 205 ಡಿಗ್ರಿಗೆ ಕುದಿಯೋದು ನೀರು ಸೇರಿದ್ರೆ 140ಕ್ಕೆ ಇಳಿಯುತ್ತೆ, ಒಳಗಿಂದ ತುಕ್ಕೂ ತರುತ್ತೆ. ಎರಡು ವರ್ಷಕ್ಕೊಂದ್ಸಲ ಪೂರ್ತಿ ಬದಲಾಯಿಸಿ. ಪೇಂಟಿಗೆ ತಾಕಿದ್ರೆ ಕಿತ್ಕೊಂಡು ಬರುತ್ತೆ, ತಕ್ಷಣ ನೀರು ಹಾಕಿ.

ಶಿಡ್ಲಘಟ್ಟದ ರೇಷ್ಮೆಯವನು:

ಎಂಟು ದಿನದ ಮೇಲೆ ಬರೆಯುತ್ತಿದ್ದೇನೆ. ಗೂಡು ಪಕ್ಕದವರ ಏಸ್‌ನಲ್ಲಿ ಹೋಯಿತು, ಬಾಡಿಗೆ ಕೊಟ್ಟರೂ ತೆಗೆದುಕೊಳ್ಳಲಿಲ್ಲ.

ಚಿಂತಾಮಣಿ ಅಣ್ಣ ಬರೆದದ್ದನ್ನು ನಮ್ಮೂರ ಮೆಕ್ಯಾನಿಕ್‌ಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಡಿಯಪ್ಪ, ಜೆ.ಸಿ. ರೋಡಿಗೆ ಹೋಗೋಣ’ ಅಂದರು. ಇಬ್ಬರೂ ಬಸ್ಸಿನಲ್ಲಿ ಹೋಗಿ 25 ಅಡಿ ಕುಪ್ರೊನಿಕಲ್ ಸುರುಳಿ, ಹೊಸ ನಟ್ಟುಗಳು, ಎರಡು ವೀಲ್ ಸಿಲಿಂಡರು, ಆಕ್ಸಲ್ ಮೇಲಿನ ಹೋಸು, ಆಯಿಲ್ ತಂದೆವು. ಫ್ಲೇರ್ ಮಾಡುವ ಸಾಮಾನು ಅವರ ಸ್ನೇಹಿತರ ಹತ್ತಿರ ಸಿಕ್ಕಿತು. ಹಳೆಯ ಪೈಪಿನ ತಿರುವುಗಳ ಮೇಲೆ ದಾರ ಹಾಯಿಸಿ ಉದ್ದ ತೆಗೆದರು. ತೆಗೆದ ಪೈಪನ್ನು ನಾನು ಕೈಯಲ್ಲಿ ಹಿಡಿದು ಸ್ವಲ್ಪ ಬಗ್ಗಿಸಿದೆ. ಕ್ಲಿಪ್ಪಿನ ಜಾಗದಲ್ಲಿ ಒಣ ಕಡ್ಡಿಯ ಹಾಗೆ ಮುರಿಯಿತು. ಬಲಗಡೆಯದು ಸೋರಿರಲಿಲ್ಲ, ಅದೂ ಎರಡು ಕಡೆ ಮುರಿಯಿತು. ಬಟವಾಡಿ ಸರ್, ನಿಮ್ಮ ಮಾತು ಕೇಳದಿದ್ದರೆ ಅದು ಇನ್ನೂ ಗಾಡಿಯಲ್ಲೇ ಇರುತ್ತಿತ್ತು.

ಏರ್ ತೆಗೆಯುವಾಗ ಅಪ್ಪ ತಾವೇ ಬಂದು ಡ್ರೈವರ್ ಸೀಟಿನಲ್ಲಿ ಕೂತರು. ಕಣ್ಣು ಮಂಜಾಗಿ ಅವರು ಗಾಡಿ ಓಡಿಸುವುದು ಬಿಟ್ಟು ಮೂರು ವರ್ಷ. ಮೆಕ್ಯಾನಿಕ್ ಕೆಳಗಿನಿಂದ ‘ಒತ್ತಿ... ಹಿಡ್ಕೊಳ್ಳಿ... ಬಿಡಿ’ ಅನ್ನುತ್ತಿದ್ದರು, ನಾನು ಬಾಟಲಿ ಹಿಡಿದಿದ್ದೆ. ಮೊದಲು ಎಡ ಹಿಂದಿನ ಚಕ್ರ, ಮಾಸ್ಟರ್ ಸಿಲಿಂಡರಿನಿಂದ ಅದೇ ಎಲ್ಲಕ್ಕಿಂತ ದೂರ. ಮೊದಲಿಗೆ ಬಂದ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣದ್ದು. ಗುಳ್ಳೆ ನಿಂತು ಜೇನಿನ ಬಣ್ಣ ಬರುವವರೆಗೆ ಬಿಡಲಿಲ್ಲ. ಕೊನೆಗೆ ಅಪ್ಪನೇ, ‘ಈಗ ಗಟ್ಟಿ ಆಯ್ತು ನೋಡೋ, ತಂದಾಗ ಹಿಂಗೇ ಇತ್ತು’ ಅಂದರು.

ಇಂಜಿನ್ ಆನ್ ಮಾಡಿ ಒಂದು ನಿಮಿಷ ಪೆಡಲು ಬಲವಾಗಿ ಒತ್ತಿ ಹಿಡಿದೆ, ಇಳಿಯಲಿಲ್ಲ. ಎಲ್ಲ ಜಾಯಿಂಟನ್ನೂ ಒಣಬಟ್ಟೆಯಿಂದ ಒರೆಸಿ, ರಾತ್ರಿ ಕೆಳಗೆ ಪೇಪರ್ ಹಾಸಿಟ್ಟೆ. ಬೆಳಗ್ಗೆ ಒಂದು ಚುಕ್ಕೆಯಿಲ್ಲ. ಆಮೇಲೆ ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿ, ಹತ್ತು ಸಲ ನಿಲ್ಲಿಸಿ ನೋಡಿ, ನಂತರವೇ ಅಮ್ಮನನ್ನು ಕೂರಿಸಿದ್ದು.

ಬ್ಲೀಚಿಂಗ್ ಈಗ ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಬರುತ್ತದೆ. ಚಿಂತಾಮಣಿ ಅಣ್ಣ, ಇನ್ನೊಂದು ಕೇಳುವುದಿದೆ. ಅದೇ ಕ್ಲಿಪ್ಪುಗಳಲ್ಲಿ ಬ್ರೇಕ್ ಪೈಪಿನ ಪಕ್ಕಕ್ಕೇ ಪೆಟ್ರೋಲ್ ಪೈಪು ಹೋಗುತ್ತದೆ. ಸೋರುತ್ತಿಲ್ಲ, ಆದರೆ ಮೇಲೆ ಅದೇ ಹಪ್ಪಳ ತುಕ್ಕು.

ಚಿಂತಾಮಣಿ ಗ್ಯಾರೇಜ್:

ಉಗುರಲ್ಲಿ ಕೆರೆದ್ರೆ ಪದರ ಪದರ ಬರುತ್ತಾ? ಬಂದ್ರೆ ಕಾಯಬೇಡಿ, ಅದನ್ನೂ ತೆಗೆಸಿ. ಕೆಲಸ ಮಾಡೋವಾಗ ಬ್ಯಾಟರಿ ವೈರು ಬಿಚ್ಚಿಡಿ, ಹತ್ರ ಬೀಡಿ ಸಿಗರೇಟು ಯಾರೂ ಹಚ್ಚೋದು ಬೇಡ.

ಶಿಡ್ಲಘಟ್ಟದ ರೇಷ್ಮೆಯವನು:

ಬರುತ್ತದೆ ಅಣ್ಣ. ಬುಧವಾರ ಅದನ್ನೂ ಬಿಚ್ಚುತ್ತಿದ್ದೇವೆ.